ಹಲ್ಚೆಮಳ ಪುಸ್ತಕ ಓದಿದ ಮಧ್ಯಾಹ್ನಗಳು

ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಹಿಂದಿನ ಓಣಿಯಲ್ಲಿ, ಒಂದು ಟೈಲರ್ ಅಂಗಡಿಗೂ ಒಂದು ಮೊಬೈಲ್ ರಿಪೇರಿಯವನಿಗೂ ನಡುವೆ ಒತ್ತಿಕೊಂಡು ಕೂತಿರುವ ಟೈಪಿಂಗ್ ಸೆಂಟರಿನಲ್ಲಿ ಗ್ರೇಸಿ ಡಿಸೋಜಾ ಇಪ್ಪತ್ತೊಂದು ವರ್ಷ ಕೆಲಸ ಮಾಡಿದ್ದಾಳೆ. ವೀಸಾ ಅರ್ಜಿ, ಮನೆ ಬಾಡಿಗೆಯ ಕರಾರು, ಕಂಪೆನಿಗೆ ಕ್ಷಮಾಪಣೆ ಪತ್ರ, ಎಂಬೆಸಿಗೆ ಬೇಡಿಕೆ ಪತ್ರ, ಹೀಗೆ ಯಾರ್ಯಾರದೋ ಬದುಕು ಅವಳ ಹತ್ತು ಬೆರಳಿನ ಕೆಳಗೆ ಹಾದು ಹೋಗಿದೆ. ಒಂದೂ ಅವಳ ತಲೆಯಲ್ಲಿ ನಿಂತಿಲ್ಲ. ನಿಲ್ಲಬಾರದು ಕೂಡ. ಸೆಂಟರಿನ ಯಜಮಾನ, ಸುರತ್ಕಲ್ ಕಡೆಯ ಹಾಶಿಮ್ ಬ್ಯಾರಿ, ಮೊದಲ ದಿನವೇ ಹೇಳಿಕೊಟ್ಟ ಪಾಠ ಅದು.

"ಬಾಯಮ್ಮ, ಕಣ್ಣಿನಿಂದ ಸೀದಾ ಬೆರಳಿಗೆ. ನಡುವಿನಲ್ಲಿ ತಲೆಯನ್ನು ತರ್ಲಿಕ್ಕೆ ಇಲ್ಲ. ತಲೆ ಬಂದ್ರೆ ತಪ್ಪು ಬರ್ತದೆ."

ಈಗೀಗ ಎಲ್ಲವೂ ಫೋನಿನಲ್ಲೇ ಆಗುತ್ತದೆ. ಸೆಂಟರಿಗೆ ಬರುವವರು ಕಡಿಮೆ. ಫೋನು ಬಾರದ ಮುದುಕರು, ಫೋನನ್ನು ನಂಬದವರು, ಫೋನಿನಲ್ಲಿ ಮೂರು ಸಲ ರಿಜೆಕ್ಟ್ ಆಗಿ ಮುಖ ಸಣ್ಣ ಮಾಡಿಕೊಂಡವರು, ಇಷ್ಟೇ ಗಿರಾಕಿ. ಹಾಗಾಗಿ ಗ್ರೇಸಿಯ ಮಾತೂ ಕಡಿಮೆಯಾಗಿತ್ತು. ಒಂದು ಸಂಜೆ ಬಸ್ಸಿನಲ್ಲಿ ಕೂತು ಅವಳು ಆ ದಿನ ಆಡಿದ ಮಾತುಗಳನ್ನು ನೆನಪು ಮಾಡಿಕೊಂಡಳು. "ಇಲ್ಲಿ ಸೈನ್." "ಫೋಟೊ ಉಂಟಾ?" "ಖಲಾಸ್, ಆಯ್ತು." ಅಷ್ಟೆ. ಅದರಲ್ಲಿ ಒಂದು ಅಕ್ಷರವೂ ಅವಳ ಮನೆಮಾತು ಕೊಂಕಣಿ ಇರಲಿಲ್ಲ. ಗಂಡ ಆಲ್ಫೋನ್ಸ್ ರುವೈಸಿನ ರಿಫೈನರಿಯಲ್ಲಿದ್ದವನು, ನಾಲ್ಕು ವರ್ಷದ ಹಿಂದೆ ತೀರಿಕೊಂಡ. ಇದ್ದಾಗಲೂ ವಾರಕ್ಕೊಮ್ಮೆ ಕಂಪೆನಿ ಬಸ್ಸಿನಲ್ಲಿ ಬಂದು, ಮೀನು ಸಾರು ಉಂಡು, "ಬರೇಂ ಜಾಲಾಂ" ಅಂದು ಮಲಗುವ ಗಂಡಸು. ಚೆನ್ನಾಗಿದೆ ಅನ್ನುವ ಆ ಎರಡು ಶಬ್ದ ಬಿಟ್ಟು ಅವನು ಹೆಚ್ಚೇನೂ ಇಟ್ಟು ಹೋಗಿರಲಿಲ್ಲ. ಮಗಳು ಸ್ಟೇಸಿ ದುಬೈಯ ಕರಾಮದಲ್ಲಿ ಗಂಡನೊಟ್ಟಿಗೆ ಇದ್ದಾಳೆ. ಗ್ರೇಸಿ ಕೊಂಕಣಿಯಲ್ಲಿ ಮೂರು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿದರೆ, "ಓಕೆ ಮಮ್ಮಾ, ಲವ್ ಯೂ, ಆನ್ ಡ್ಯೂಟಿ" ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬರುತ್ತದೆ. ಒಳ್ಳೆಯ ಹುಡುಗಿಯೇ. ಆದರೆ ಒಂದು ಸಾಲು.

ಇಂಥ ಹೊತ್ತಿನಲ್ಲಿ ತುರ್ಸುನ್ ಉಸ್ತಾದ್ ಬಂದದ್ದು.

ಮಧ್ಯಾಹ್ನ ಒಂದೂವರೆಗೆ ಹಾಶಿಮ್ ಅರ್ಧ ಶಟರ್ ಎಳೆದು ಊಟಕ್ಕೂ ನಿದ್ದೆಗೂ ಮನೆಗೆ ಹೋದರೆ ಮತ್ತೆ ನಾಲ್ಕಕ್ಕೇ ಬರುವುದು. ಗ್ರೇಸಿ ತನ್ನ ಡಬ್ಬಿ ಬಿಚ್ಚಿ ಅಲ್ಲೇ ಇರುತ್ತಾಳೆ. ಹಂಚಿಕೊಂಡ ಫ್ಲ್ಯಾಟಿನಲ್ಲಿ ಅವಳದು ಪ್ಲೈವುಡ್ ಗೋಡೆಯ ಕೋಣೆ. ಹಗಲು ಅಲ್ಲಿಗೆ ಹೋಗಿ ಯಾರ ಮುಖ ನೋಡುವುದು? ಆ ದಿನ ಶಟರಿನ ಕೆಳಗಿನಿಂದ ಬಗ್ಗಿ ಒಳಗೆ ಬಂದದ್ದು ಮೊದಲು ಒಂದು ಕಸೂತಿ ಹಾಕಿದ ಚೌಕ ಟೋಪಿ, ಆಮೇಲೆ ಬಿಳಿ ಗಡ್ಡ, ಆಮೇಲೆ ಹಿಟ್ಟು ಮೆತ್ತಿದ ಕೈ. ಹಿಂದಿನ ಓಣಿಯಲ್ಲಿ ತಂದೂರ್ ಇಟ್ಟುಕೊಂಡು ನಡುವೆ ಹೂವಿನಂತೆ ಚುಚ್ಚಿದ ದಪ್ಪ ನಾನ್ ಸುಡುವ ಮುದುಕ. ಅವರು ಉಯ್ಘರ್ ಎನ್ನುವವರ ಪೈಕಿ, ಚೀನದ ಪಶ್ಚಿಮದ ತುದಿಯವರು ಎಂದು ಗ್ರೇಸಿಗೆ ಗೊತ್ತಿತ್ತು. ರಾವಲ್ಪಿಂಡಿಯಲ್ಲಿ ಎಷ್ಟೋ ವರ್ಷ ಇದ್ದುದರಿಂದ ಮುರುಕು ಉರ್ದು ಆಡುತ್ತಾರೆ. ಗ್ರೇಸಿಯದು ಮುರುಕು ಹಿಂದಿ. ಎರಡು ಮುರುಕು ಸೇರಿದರೆ ಒಂದು ಮಾತುಕತೆ.

"ಮೇಡಂ, ಇಂಗ್ಲಿಷ್ ಓದ್ತೀಯಾ?" ಅಂದು ಅವರು ಚೀಲದಿಂದ ಒಂದು ನೋಟ್‌ಬುಕ್ ತೆಗೆದು ಕೌಂಟರಿನ ಮೇಲೆ ಇಟ್ಟರು.

ಗ್ರೇಸಿ ತೆರೆದು ನೋಡಿದಳು. ಅಕ್ಷರ ಇಂಗ್ಲಿಷಿನದೇ. ಆದರೆ ಒಂದು ಪದವೂ ಇಂಗ್ಲಿಷಲ್ಲ. ನಡು ನಡುವೆ ವಿಚಿತ್ರ ಅಕ್ಷರಗಳು: ತಲೆಕೆಳಗಾಗಿ ನಿಂತ ಒಂದು ಇ, ಹೊಟ್ಟೆಗೆ ಅಡ್ಡಪಟ್ಟಿ ಕಟ್ಟಿಕೊಂಡ ಒಂದು ಓ, ಕಾಲಿನಲ್ಲಿ ಪುಟ್ಟ ಬಾಲ ಬಂದ ಒಂದು ಕೆ.

"ಇದು ಇಂಗ್ಲಿಷ್ ಅಲ್ಲ ಉಸ್ತಾದ್."

"ಗೊತ್ತು. ಇದು ನಮ್ಮ ಮಾತು. ಬಟ್ಟೆ ಮಾತ್ರ ಇಂಗ್ಲಿಷಿನದು."

ಆಮೇಲೆ ಅವರು ಕತೆ ಹೇಳಿದರು. ತಾವು ಶಾಲೆಗೆ ಹೋಗುವಾಗ ತಮ್ಮ ಭಾಷೆಯನ್ನು ಬಲದಿಂದ ಎಡಕ್ಕೆ ಬರೆಯುತ್ತಿದ್ದರಂತೆ, ಅರಬಿಯ ಹಾಗೆ. ಹೆಂಡತಿ ಹಲ್ಚೆಮ್ ಏಳು ವರ್ಷ ಚಿಕ್ಕವಳು. ಅವಳು ಸ್ಲೇಟು ಹಿಡಿಯುವ ಹೊತ್ತಿಗೆ ಸರಕಾರ ಹಳೆಯ ಅಕ್ಷರ ತೆಗೆದು ಈ ಬಾಲ, ಪಟ್ಟಿಯ ಹೊಸ ಅಕ್ಷರ ತಂದಿತ್ತು. ಮಕ್ಕಳು ಶಾಲೆಗೆ ಸೇರುವಾಗ ಹೊಸದು ಹೋಗಿ ಹಳೆಯದೇ ಮತ್ತೆ ಬಂತು. "ಒಂದು ಮನೆ, ಒಂದು ಮಾತು, ಉಣ್ಣಲು ಹಾಸುವುದು ಒಂದೇ ದಸ್ತರ್‌ಖಾನ್. ನಾನು ಬರೆದದ್ದು ಮಕ್ಕಳು ಓದ್ತಾರೆ, ಮಕ್ಕಳು ಬರೆದದ್ದು ನಾನು. ಹಲ್ಚೆಮ್ ಬರೆದದ್ದು ಯಾರೂ ಇಲ್ಲ." ಸಂಜೆ ಹೊತ್ತು ಏನೋ ಬರೆಯುತ್ತಾ ಕೂರುತ್ತಿದ್ದಳಂತೆ. ಏನದು ಅಂದರೆ, "ಏನಿಲ್ಲ, ಕೈ ಮರೆಯಬಾರದಲ್ಲ" ಅನ್ನುತ್ತಿದ್ದಳಂತೆ. ಎರಡು ವರ್ಷದ ಹಿಂದೆ ಅವಳನ್ನು ಬನಿಯಾಸಿನ ಕಬರಸ್ತಾನದಲ್ಲಿ ಮಣ್ಣು ಮಾಡಿ ಬಂದ ಮೇಲೆ ಹಿಟ್ಟಿನ ಡಬ್ಬದ ಹಿಂದೆ ಈ ಪುಸ್ತಕ ಸಿಕ್ಕಿತು.

"ನಿಮ್ಮವರಲ್ಲಿ ಈ ಅಕ್ಷರ ಗೊತ್ತಿರುವವರು ಯಾರೂ ಇಲ್ಲವಾ?"

"ಇದ್ದಾರೆ. ದುಬೈಯಲ್ಲಿ ಒಬ್ಬ ಮುದುಕಿ ಇದ್ದಾಳೆ. ಓದ್ತಾಳೆ. ಆದರೆ ಅವಳಿಗೆ ಅರ್ಥ ಆಗ್ತದೆ." ಉಸ್ತಾದ್ ತಲೆ ತಗ್ಗಿಸಿದರು. "ಹಲ್ಚೆಮಳನ್ನು ಅವಳಮ್ಮನಿಂದ ಬಿಡಿಸಿ ನಾನು ಕರಕೊಂಡು ಬಂದೆ ಮೇಡಂ. ನನ್ನ ಮಾತು ಕೇಳಿ ಬೆಟ್ಟ ದಾಟಿದಳು. ಅಮ್ಮನ ಮುಖ ಮತ್ತೆ ನೋಡಲೇ ಇಲ್ಲ, ಕೊನೆಗೆ ಫೋನೂ ಹೋಗ್ತಿರಲಿಲ್ಲ. ಒಂದು ದಿನ, ಒಂದೇ ಒಂದು ದಿನ ನನ್ನನ್ನು ಬಯ್ಯಲಿಲ್ಲ. ಬಯ್ಗುಳ ಇದ್ದರೆ ಇದರಲ್ಲಿ ಇರ್ತದೆ. ಅದನ್ನು ನಾನೊಬ್ಬನೇ ಕೇಳಬೇಕು. ಅದಕ್ಕೆ ಓದುವವರು ಅರ್ಥ ಆಗದವರೇ ಬೇಕು."

ಅರ್ಥವಾಗದೆ ಓದುವುದು! ಈ ಭೂಮಿಯ ಮೇಲೆ ಅದಕ್ಕೆಂದೇ ತಯಾರಾದ ಹೆಂಗಸು ಯಾರಾದರೂ ಇದ್ದರೆ ಗ್ರೇಸಿಯೇ. ಶಿರ್ವದ ಇಗರ್ಜಿಯಲ್ಲಿ ಅವಳು ಹತ್ತು ವರ್ಷ ಕ್ವಾಯರಿನಲ್ಲಿದ್ದವಳು. ಮರಣದ ಪೂಜೆಗೆ ಲ್ಯಾಟಿನ್ ಹಾಡು ಹೇಳಬೇಕು. ಲ್ಯಾಟಿನ್ ಯಾರಿಗೂ ಬಾರದು. ಕ್ವಾಯರ್ ಮಾಸ್ಟರು ಅದನ್ನು ಉದ್ದ ಪುಸ್ತಕದಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿಟ್ಟಿದ್ದರು, ಎಲ್ಲಿ ಎಳೆಯಬೇಕೋ ಅಲ್ಲಿ ಪೆನ್ಸಿಲಿನ ಗೀಟು. ಒಂದು ಪದದ ಅರ್ಥ ತಿಳಿಯದೆ ಅವಳು ಹಾಡಿದ್ದಕ್ಕೆ ಎಷ್ಟು ಮನೆಯವರು ಕಣ್ಣೊರೆಸಿಕೊಂಡಿಲ್ಲ!

"ಕೂರಿ ಉಸ್ತಾದ್," ಅಂದಳು.

ಹಾಗೆ ಶುರುವಾಯಿತು. ವಾರಕ್ಕೆ ಮೂರು ಮಧ್ಯಾಹ್ನ. ಗ್ರೇಸಿ ಒಂದೊಂದೇ ಪದ ಇಂಗ್ಲಿಷಿನ ಹಾಗೆ ಓದುತ್ತಿದ್ದಳು, ಉಸ್ತಾದ್ ಕಣ್ಣು ಮುಚ್ಚಿ ಕಿವಿ ಕೊಡುತ್ತಿದ್ದರು. ಮೊದಲು ಅವರಿಗೂ ಏನೂ ಹೊಳೆಯಲಿಲ್ಲ. ಮೂರನೆಯ ಸಲಕ್ಕೆ ಒಂದು ಪದ ಹಿಡಿದು, ನೀರಿನಲ್ಲಿ ಬಿದ್ದ ಉಂಗುರ ಕೈಗೆ ಸಿಕ್ಕಿದವರಂತೆ ಎದ್ದು ನಿಂತರು. "ಹಾಗಲ್ಲ! ಗಂಟಲಿನಿಂದ. ಖ್! ಖ್!" ಬಾಲ ಬಂದ ಅಕ್ಷರ ಗಂಟಲಿನದು, ತಲೆಕೆಳಗಾದ ಇ ಬಾಯಿ ಅಗಲಿಸಿ ಹೇಳುವ ಎ. ತಿದ್ದಿದ್ದನ್ನೆಲ್ಲ ಗ್ರೇಸಿ ಬಿಳಿ ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಂಡಳು, ಎಳೆಯುವಲ್ಲಿ ಪೆನ್ಸಿಲಿನ ಗೀಟು. ಮುಂದಿನ ಸಲ ಆ ಹಾಳೆ ನೋಡಿ ಓದಿದರೆ ಉಸ್ತಾದರಿಗೆ ಎಲ್ಲವೂ ಸಲೀಸು.

"ಯೆನೆ," ಅನ್ನುತ್ತಿದ್ದರು. ಇನ್ನೊಮ್ಮೆ ಓದು ಅಂತ ಬೆರಳು ತಿರುಗಿಸುತ್ತಿದ್ದರು. ಗ್ರೇಸಿ ಇನ್ನೊಮ್ಮೆ ಓದುತ್ತಿದ್ದಳು. ಕೆಲವು ಸಲ ಅವರು ನಗುತ್ತಾ ಮಂಡಿಗೆ ಹೊಡೆದು "ಯಾಲ್ಘಾನ್! ಯಾಲ್ಘಾನ್!" ಅನ್ನುತ್ತಿದ್ದರು. ಸುಳ್ಳು, ಸುಳ್ಳು, ನಾನು ಹಾಗೆ ಮಾಡಲೇ ಇಲ್ಲ ಎಂಬ ಮುಖ. ಇನ್ನು ಕೆಲವು ಸಲ ಗೋಡೆಯ ಕಡೆ ತಿರುಗುತ್ತಿದ್ದರು. ಆಗ ಗ್ರೇಸಿ ಪ್ರಿಂಟರಿನ ಕಾಗದ ಜೋಡಿಸುತ್ತಿದ್ದಳು. ಮೂರೂವರೆಗೆ ಅವರು ಎದ್ದು, ತಮಗೇ ಹೇಳಿಕೊಳ್ಳುವಂತೆ "ದುಕಾನ್‌ಘಾ ಬಾರಿಮೆನ್" ಅಂದು ಅಂಗಡಿಗೆ ಹೊರಡುತ್ತಿದ್ದರು. ಕೌಂಟರಿನ ಮೇಲೆ ಬಟ್ಟೆ ಸುತ್ತಿದ ಬಿಸಿ ನಾನ್ ಇರುತ್ತಿತ್ತು.

ಹಾಶಿಮ್ ಬ್ಯಾರಿಗೆ ಇದು ತಮಾಷೆ. "ಬಾಯಮ್ಮ, ಅರ್ಥ ಗೊತ್ತಿಲ್ಲದ್ದನ್ನು ಓದಿ ರೊಟ್ಟಿ ಸಂಪಾದಿಸುವುದು ಅಂದ್ರೆ ನಮ್ಮ ವಕೀಲರ ಕೆಲಸ ಅಲ್ವಾ?"

"ನೀವು ಸುಮ್ನಿರಿ ಬ್ಯಾರಿಗಳೆ. ನಿಮಗೂ ಅರ್ಧ ಕೊಡ್ತೇನಲ್ಲ."

"ಕೊಡ್ಬೇಕು. ಕರೆಂಟು ನಂದು."

ನಗೆಯಾಡಿದರೂ ಗ್ರೇಸಿಗೆ ಒಳಗೆ ಬೇರೆಯೇ ಗೊತ್ತಿತ್ತು. ಆಲ್ಫೋನ್ಸ್ ಹೋದ ಮೇಲೆ ಅವಳ ದನಿಯನ್ನು ಯಾರೂ ಕಣ್ಣು ಮುಚ್ಚಿ ಕೇಳಿರಲಿಲ್ಲ. ಪದಗಳು ಬೇರೆಯವಳದಾಗಲಿ, ಗಂಟಲು ತನ್ನದೇ ತಾನೆ? ಓದಿನ ದಿನ ಅವಳು ಬೆಳಿಗ್ಗೆ ಬಿಸಿನೀರಿಗೆ ಜೇನು ಹಾಕಿ ಕುಡಿದು ಬರತೊಡಗಿದಳು, ಕ್ವಾಯರಿನ ದಿನಗಳ ಹಾಗೆ. ಓದಿಲ್ಲದ ದಿನ ಉದ್ದವಾಗುತ್ತಿತ್ತು. ಓದು ಮುಗಿದಾಗ ಪುಸ್ತಕದ ಉಳಿದ ಹಾಳೆಗಳನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿ, ಇನ್ನೂ ಇಷ್ಟು ದಪ್ಪ ಉಂಟು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದಳು.

ತಪ್ಪು ನಡೆದದ್ದು ಇಲ್ಲಿಯೇ. ಇಪ್ಪತ್ತೊಂದು ವರ್ಷ ತಲೆಯನ್ನು ನಡುವೆ ತಾರದೆ ಕೂತವಳು ಮೂರು ತಿಂಗಳಲ್ಲಿ ತಂದುಬಿಟ್ಟಳು. ಬೇಕೆಂದು ಅಲ್ಲ. ಆದರೆ ನಾನ್ ಅಂದರೆ ನಾನ್, ಚಾಯ್ ಅಂದರೆ ಚಾಯ್, ದುಕಾನ್ ಅಂದರೆ ದುಕಾನ್. ಹವಾ, ದೋಸ್ತ್, ಬಾಜಾರ್, ಎಲ್ಲ ಹಿಂದಿಯ ಮನೆಯ ನೆಂಟರೇ. ಪ್ರತಿ ಹಾಳೆ ಶುರುವಾಗುವ 'ಬುಗ್ಯುನ್' ಅಂದರೆ ಇವತ್ತು ಇರಬೇಕು. 'ಆನಾ' ಬಂದಾಗಲೆಲ್ಲ ಉಸ್ತಾದರ ಗಡ್ಡ ಎದೆಗೆ ತಗಲುತ್ತಿತ್ತು; ಅದು ಅಮ್ಮ ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ. ತನ್ನ ಪ್ಲೈವುಡ್ ಕೋಣೆಯಲ್ಲಿ ಮಲಗಿ ಅವಳು ಈ ಪದಗಳನ್ನು ಒಂದರ ಪಕ್ಕ ಒಂದು ಕೂರಿಸುತ್ತಿದ್ದಳು. ಪರರ ಮನೆಯ ಕಿಟಕಿಯಲ್ಲಿ ಇಣುಕಿದ ಹಾಗೆ ನಾಚಿಕೆಯಾಗುತ್ತಿತ್ತು, ಆದರೂ ಕಣ್ಣು ತೆಗೆಯಲು ಮನಸ್ಸಾಗುತ್ತಿರಲಿಲ್ಲ. ಉಸ್ತಾದರಿಗೆ ಹೇಳಿದರೆ ಓದು ನಿಲ್ಲುತ್ತದೆ. ಓದು ನಿಂತರೆ? ಅವಳು ಹೇಳಲಿಲ್ಲ.

ಒಂದು ಬುಧವಾರ ಓದಿದಳು: "ಬುಗ್ಯುನ್ ಯೆನೆ ಪಿಯಾಜ್ ದೆದಿ. ಯಾಲ್ಘಾನ್."

ಇವತ್ತು ಮತ್ತೆ ಈರುಳ್ಳಿ. ಸುಳ್ಳು. ಗ್ರೇಸಿಯ ಕಣ್ಣ ಮುಂದೆ ಒಬ್ಬ ಗಂಡ ಬಂದು ನಿಂತ. ಮಾಂಸ ತರಲು ಕಳಿಸಿದರೆ ಈರುಳ್ಳಿ ತಂದು, ಅಂಗಡಿಯಲ್ಲಿ ಇದೇ ಇದ್ದದ್ದು ಅನ್ನುವ ಗಂಡ. ಥೇಟ್ ಆಲ್ಫೋನ್ಸ್! ಬಂಗುಡೆ ಮೀನು ತಾ ಅಂದರೆ ಬೂತಾಯಿ ತಂದು ದೇವರ ಮೇಲೆ ಆಣೆ ಹಾಕುವವನು. ಗ್ರೇಸಿಗೆ ತಡೆಯಲಿಲ್ಲ. ಕಿಸಕ್ಕೆಂದು ನಕ್ಕುಬಿಟ್ಟಳು.

ಉಸ್ತಾದ್ ಕಣ್ಣು ತೆರೆದರು. ಅವರ ಮುಖದಲ್ಲಿ ನಗು ಇರಲಿಲ್ಲ. ಕೆನ್ನೆಯ ಮೇಲೆ ನೀರಿತ್ತು.



"ನಿನಗೆ ಅರ್ಥ ಆಗ್ತದೆ," ಅಂದರು.

"ಉಸ್ತಾದ್, ಅಲ್ಲೊಂದು ಇಲ್ಲೊಂದು..."

"ಯಾವಾಗಿನಿಂದ?"

ಅವರು ಪುಸ್ತಕ ಮುಚ್ಚಿದರು, ಬಟ್ಟೆಯಲ್ಲಿ ಸುತ್ತಿದರು, ಚೀಲಕ್ಕೆ ಹಾಕಿದರು. ಒಂದೊಂದನ್ನೂ ನಿಧಾನವಾಗಿ ಮಾಡಿದರು. ಕೋಪವಿದ್ದಿದ್ದರೆ ಬೇಗ ಮುಗಿಯುತ್ತಿತ್ತು. ಶಟರಿನ ಕೆಳಗೆ ಬಗ್ಗಿ ಹೋಗುವಾಗ 'ದುಕಾನ್‌ಘಾ ಬಾರಿಮೆನ್' ಅನ್ನಲಿಲ್ಲ.

ಒಂದು ವಾರ ಬರಲಿಲ್ಲ. ಎರಡು ವಾರ ಬರಲಿಲ್ಲ. ಹಾಶಿಮ್ ಎರಡು ಸಲ "ರೊಟ್ಟಿ ಎಲ್ಲಿ ಬಾಯಮ್ಮ?" ಅಂದ. ಮೂರನೆಯ ಸಲ ಅವಳ ಮುಖ ನೋಡಿ ಕೇಳಲಿಲ್ಲ. ಮಧ್ಯಾಹ್ನ ಗ್ರೇಸಿ ಡಬ್ಬಿ ಬಿಚ್ಚಿ ಮುಚ್ಚುತ್ತಿದ್ದಳು. ಸ್ಟೇಸಿಗೆ ಫೋನು ಮಾಡಿದಳು. "ಮಮ್ಮಾ, ವಾಟ್ ಹ್ಯಾಪನ್ಡ್? ಈಸ್ ಇಟ್ ಅರ್ಜೆಂಟ್?" ಅಂದಳು ಮಗಳು. ಅರ್ಜೆಂಟ್ ಏನು ಅಂತ ಹೇಳುವುದು? "ಕಾಂಯ್ ನಾ ಪುತಾ," ಏನಿಲ್ಲ ಮಗಾ, ಅಂದು ಇಟ್ಟಳು.

ಮೂರನೆಯ ವಾರ ಅವಳೇ ಹಿಂದಿನ ಓಣಿಗೆ ಹೋದಳು. ಬೇಕರಿಗೆ ಬಾಗಿಲೇ ಇಲ್ಲ, ಎದೆಮಟ್ಟದ ಒಂದು ಕಿಂಡಿ. ಒಳಗೆ ಉಸ್ತಾದ್ ಒಬ್ಬರೇ, ಸಮ್ಸಾಕ್ಕೆಂದು ಈರುಳ್ಳಿ ಹೆಚ್ಚುತ್ತಿದ್ದರು. ಸಮ್ಸಾ ಅಂದರೆ ತಂದೂರಿನಲ್ಲಿ ಸುಟ್ಟ ಅವರ ಸಮೋಸ. ಎದುರಿಗೆ ಈರುಳ್ಳಿಯ ಗುಡ್ಡೆ, ಕಣ್ಣು ತುಂಬ ನೀರು. ತೋಳಿನಿಂದ ಒರೆಸಿಕೊಂಡು ತಲೆಯೆತ್ತಿ ಅವಳನ್ನು ನೋಡಿದರು.

ಆಗ ಗ್ರೇಸಿಗೆ ತಿಳಿಯಿತು. ಒಂದು ದೆದಿ ಬಿಟ್ಟು ಉಳಿದ ಪದಗಳ ಅರ್ಥ ಅವಳಿಗೆ ಅಂದೇ ಆಗಿತ್ತು. ವಿಷಯ ಅರ್ಥವಾದದ್ದು ಈಗ: ದೆದಿ ಅಂದರೆ 'ಹೇಳಿದರು'. ಇಷ್ಟು ವರ್ಷ ಈ ಮನುಷ್ಯ ಈರುಳ್ಳಿ ಹೆಚ್ಚುವ ನೆಪದಲ್ಲಿ ಅತ್ತಿದ್ದಾರೆ. ಹೆಂಡತಿ ಕೇಳಿದರೆ ಪಿಯಾಜ್ ಅಂದಿದ್ದಾರೆ. ಅವಳು ಸರಿ ಅಂದು ಹೋಗಿ ಪುಸ್ತಕದಲ್ಲಿ ಬರೆದಿದ್ದಾಳೆ, ಇವತ್ತೂ ಈರುಳ್ಳಿ ಅಂದರು, ಸುಳ್ಳು. ಅದಕ್ಕೆ ತಾನು ನಕ್ಕಳು.

"ಉಸ್ತಾದ್, ನಾನು ಕೆಟ್ಟ ಕೆಲಸ ಮಾಡಿದೆ," ಅಂದಳು. "ಗೊತ್ತಾದದ್ದನ್ನು ಗೊತ್ತಿಲ್ಲ ಅಂತ ಕೂತೆ. ಉಳಿದದ್ದನ್ನು ಬೇರೆ ಯಾರಿಂದಲಾದರೂ ಓದಿಸಿ. ನಿಮಗೆ ಬೇಕಾದ್ದು ಅದರಲ್ಲಿ ಇನ್ನೂ ಬಂದಿಲ್ಲ ಅಲ್ವಾ?"

"ಬಂದಿಲ್ಲ." ಉಸ್ತಾದ್ ಚಾಕು ಕೆಳಗಿಟ್ಟರು. "ಮಂಗಳವಾರ ನಾನು ಇಸ್ತಾಂಬುಲಿಗೆ ಹೋಗ್ತೇನೆ. ಮಗಳು ಕರೆದಿದ್ದಾಳೆ. ಅಂಗಡಿ ಬಿಟ್ಟುಕೊಟ್ಟಾಯ್ತು. ಅಲ್ಲಿ ನಮ್ಮವರು ತುಂಬ. ಈ ಅಕ್ಷರ ಬಲ್ಲವರೂ ಇದ್ದಾರಂತೆ. ಅವರಿಗೆ ಅರ್ಥ ಎಲ್ಲಾ ಆಗ್ತದೆ, ನಿನ್ನ ಹಾಗೆ ಅಲ್ಲೊಂದು ಇಲ್ಲೊಂದು ಅಲ್ಲ."

ಕಿಂಡಿಯಿಂದ ಒಂದು ನಾನ್ ಹೊರಗೆ ಬಂತು. ಅವಳು ತೆಗೆದುಕೊಂಡಳು.

ಸೋಮವಾರ ಒಂದೂವರೆಗೆ ಶಟರಿನ ಕೆಳಗೆ ಟೋಪಿ ಕಾಣಿಸಿತು.

ಉಳಿದದ್ದು ನಾಲ್ಕು ಹಾಳೆ. ಕೊನೆಗೆ ಬಂದಂತೆ ಅಕ್ಷರ ದೊಡ್ಡದಾಗಿ, ಸಾಲು ಕೆಳಕ್ಕೆ ಜಾರಿತ್ತು. ಕೈಯಲ್ಲಿ ಶಕ್ತಿ ಇಲ್ಲದವಳು ಬರೆದದ್ದು. ಗ್ರೇಸಿ ಕುರ್ಚಿಯನ್ನು ತಿರುಗಿಸಿ, ಉಸ್ತಾದರಿಗೆ ಬೆನ್ನು ಕೊಟ್ಟು, ಕಂಪ್ಯೂಟರಿನ ಕಪ್ಪು ಪರದೆಯ ಕಡೆ ಮುಖ ಮಾಡಿ ಕೂತಳು. ಈ ಸಲ ಎಳೆಯುವಲ್ಲಿ ಎಳೆಯಲಿಲ್ಲ. ಬಾಡಿಗೆ ಕರಾರು ಓದಿ ಹೇಳುವ ದನಿ. ಕಣ್ಣಿನಿಂದ ಸೀದಾ ಬಾಯಿಗೆ, ನಡುವಿನಲ್ಲಿ ತಲೆ ಬೇಡ ಕರ್ತನೇ, ಇವತ್ತೊಂದು ದಿನ ಬೇಡ, ಎಂದು ಒಳಗೇ ಬೇಡಿಕೊಂಡಳು.

ಮೊದಲ ಹಾಳೆ ಆಸ್ಪತ್ರೆ. ಎರಡನೆಯದು ಏನೋ ತಿಳಿಯಲಿಲ್ಲ, ದೇವರ ದಯೆ. ಮೂರನೆಯದರಲ್ಲಿ ಆನಾ, ಆನಾ, ಆನಾ. ಆರು ಸಲ ಬಂತು. ಹಿಂದೆ ಉಸ್ತಾದರ ಉಸಿರು ಗೊರಗೊರ ಎನ್ನುತ್ತಿತ್ತು. ಬಯ್ಗುಳ ಬರುವುದಿದ್ದರೆ ಈಗ ಬರಬೇಕು. ಗ್ರೇಸಿ ಹಾಳೆ ತಿರುಗಿಸಿದಳು. ಕೊನೆಯ ಹಾಳೆಯಲ್ಲಿ ಮೂರೇ ಸಾಲು. ಮೊದಲನೆಯದರಲ್ಲಿ ದಾರಿ ಇತ್ತು, ಎರಡನೆಯದರಲ್ಲಿ ಹಿಮ ಇರಬೇಕು. ಮೂರನೆಯದು:

"ತುರ್ಸುನ್ ದೆಸೆ, ಯೆನೆ ಬಾರಿಮೆನ್."

ಯೆನೆ ಗ್ರೇಸಿಗೆ ಗೊತ್ತು, ಮೂರು ತಿಂಗಳು ಅದನ್ನೇ ಕೇಳಿದ್ದಳು. ಬಾರಿಮೆನ್ ಗೊತ್ತು. ತುರ್ಸುನ್ ಯಾರೆಂದು ಗೊತ್ತು. ದೆಸೆ, ಈರುಳ್ಳಿ ಸಾಲಿನ ದೆದಿಯ ನೆಂಟ. ತುರ್ಸುನ್ ಹೇಳಿದರೆ ಮತ್ತೆ ಹೋಗುತ್ತೇನೆ. ಅಷ್ಟೆ ಬರೆದು ಆ ಹೆಂಗಸು ಪೆನ್ನು ಇಟ್ಟಿದ್ದಳು.

ಗ್ರೇಸಿ ದನಿ ಒಡೆಯಲು ಬಿಡಲಿಲ್ಲ. ಪುಸ್ತಕ ಮುಚ್ಚಿ, "ಮುಗಿಯಿತು ಉಸ್ತಾದ್," ಅಂದಳು.

"ಯೆನೆ," ಅಂದರು ಹಿಂದಿನಿಂದ. ಇನ್ನೊಮ್ಮೆ ಓದಿದಳು. "ಯೆನೆ." ಇನ್ನೊಮ್ಮೆ. ಎಷ್ಟು ಸಲವೋ. ಹೊರಗೆ ಓಣಿಯಲ್ಲಿ ಯಾರೋ ಗ್ಯಾಸ್ ಸಿಲಿಂಡರ್ ಉರುಳಿಸಿಕೊಂಡು ಹೋದರು. ಆಮೇಲೆ ಕುರ್ಚಿ ಕಿರುಗುಟ್ಟಿತು.

ಅವಳು ತಿರುಗಿದಾಗ ಅವರು ಎದ್ದು ನಿಂತಿದ್ದರು. ಮುಖ ತೊಳೆದಂತಿತ್ತು.

"ಅರ್ಥ ಆಯ್ತಾ?" ಅಂದರು.

"ಮಾಫಿ ಮಾಲೂಮ್, ಉಸ್ತಾದ್." ಗೊತ್ತಿಲ್ಲ, ನನಗೇನೂ ಗೊತ್ತಿಲ್ಲ.

ಉಸ್ತಾದರ ಗಡ್ಡದ ಒಳಗೆಲ್ಲೋ ಒಂದು ನಗು ಹುಟ್ಟಿತು.

"ಯಾಲ್ಘಾನ್," ಅಂದರು ಮೆಲ್ಲಗೆ.

ಗ್ರೇಸಿ ಕನ್ನಡದಲ್ಲಿ ಬರೆದಿಟ್ಟ ಹಾಳೆಗಳ ಕಟ್ಟನ್ನು ತೆಗೆದು ಅವರ ಮುಂದೆ ಹಿಡಿದಳು. ಅದೂ ಅವರದೇ ಅಲ್ಲವೇ, ಗುಟ್ಟು ಗುಟ್ಟಿನೊಟ್ಟಿಗೇ ಹೋಗಲಿ. ಅವರು ಮೇಲಿನ ಹಾಳೆಯ ಗುಂಡು ಗುಂಡು ಅಕ್ಷರದ ಮೇಲೆ ಹಿಟ್ಟಿನ ಬೆರಳು ಆಡಿಸಿ, ಕಟ್ಟನ್ನು ಹಿಂದಕ್ಕೆ ತಳ್ಳಿದರು. "ನಿನ್ನ ಕೈಯದು. ಇಟ್ಟುಕೋ ಸಿಂಗ್ಲಿಮ್." ಆ ಪದದ ಅರ್ಥ ಅವಳಿಗೆ ಗೊತ್ತಿರಲಿಲ್ಲ. ಕೇಳುವುದರೊಳಗೆ ಟೋಪಿ ಶಟರಿನ ಕೆಳಗೆ ಬಗ್ಗಿತ್ತು.

ಮಂಗಳವಾರ ವಿಮಾನ ಹೋಗಿರಬೇಕು. ಹಿಂದಿನ ಓಣಿಯ ಕಿಂಡಿಗೆ ಹಲಗೆ ಬಡಿದರು; ವಾರದ ಮೇಲೆ ಅಲ್ಲಿ ಜ್ಯೂಸ್ ಅಂಗಡಿಯ ಬೋರ್ಡು ಬಂತು. ಮಗಳ ಮನೆ ಮುಟ್ಟಿದ ಸುದ್ದಿ ಬರೆಯಲು ಉಸ್ತಾದರಿಗೆ ಗ್ರೇಸಿಯ ಅಕ್ಷರ ಬಾರದು, ಅವಳಿಗೆ ಅವರದು ಬಾರದು. ಫೋನ್ ನಂಬರು ಕೇಳಿಕೊಳ್ಳಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ.

ಒಂದು ಮಧ್ಯಾಹ್ನ ಡಬ್ಬಿ ತೊಳೆದಿಟ್ಟು, ಅರ್ಧ ಶಟರಿನ ಬೆಳಕಿನಲ್ಲಿ ಅವಳು ಕಟ್ಟನ್ನು ಬಿಚ್ಚಿದಳು. ಮೊದಲ ಹಾಳೆಯಿಂದ, ಎಳೆಯುವಲ್ಲಿ ಎಳೆದು, ಗಂಟಲಿನದನ್ನು ಗಂಟಲಿನಿಂದ ಎತ್ತಿ, ಗಟ್ಟಿಯಾಗಿ ಓದಿದಳು. ಬುಗ್ಯುನ್, ಬುಗ್ಯುನ್. ಎದುರಿನ ಕುರ್ಚಿಯಲ್ಲಿ ಯಾರೂ ಇನ್ನೊಮ್ಮೆ ಅನ್ನಲಿಲ್ಲ. ಆದರೂ ಕೆಲವು ಸಾಲನ್ನು ಎರಡೆರಡು ಸಲ ಓದಿದಳು.

ಶಟರ್ ಕರಕರ ಮೇಲೆ ಹೋಯಿತು. ಹಾಶಿಮ್, ನಿದ್ದೆ ಬಿಡದ ಕಣ್ಣು, ಒಳಗೆಲ್ಲ ನೋಡಿದ.

"ಯಾರೊಟ್ಟಿಗೆ ಮಾತಾಡ್ತಾ ಇದ್ರಿ ಬಾಯಮ್ಮ?"

"ಯಾರಿಲ್ಲ ಬ್ಯಾರಿಗಳೆ," ಅಂದಳು ಗ್ರೇಸಿ, ಹಾಳೆಗಳನ್ನು ಜೋಡಿಸುತ್ತಾ. "ಬಾಯಿ ಮರೆಯಬಾರದಲ್ಲ, ಅದಕ್ಕೆ."